ಸಾಬವ್ವ ಹೇಳಿದ ಸಾಕ್ಷಿ

ಶಹಾಪುರ ಕಡೆಯ ಸಾಬವ್ವ ಪುಣೆಗೆ ಬಂದು ಮೂವತ್ತೆರಡು ವರ್ಷ. ಗಂಡನ ಜೊತೆ ಬಂದವಳು ಕಾತ್ರಜ್ ಸುತ್ತಲಿನ ಎಷ್ಟೋ ಕಟ್ಟಡಗಳಿಗೆ ಇಟ್ಟಿಗೆ, ಸಿಮೆಂಟು ಹೊತ್ತಳು. ಗಂಡ ತೀರಿಕೊಂಡ. ಮಗ ಬಾಬು ಟೆಂಪೊ ಓಡಿಸಿ ಧನಕವಡಿಯಲ್ಲಿ ಎರಡು ಕೋಣೆಯ ಮನೆ ಮಾಡಿದ. ಸೊಸೆ ಸಾಯಲಿ ಮರಾಠಿ ಹುಡುಗಿ. ಅತ್ತೆಗೆ ಬಿಸಿ ಭಾಕರಿ ಬಡಿಸದೆ ತಾನು ಉಣ್ಣುವವಳಲ್ಲ. ಆದರೆ ಮನೆಯ ಮಾತೆಲ್ಲ ಮರಾಠಿ. ಸಾಬವ್ವನಿಗೂ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಆ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲಳು, ಜಗಳ ಆಡಬಲ್ಲಳು. ಸುಮ್ಮನೆ ಕೂತು ಹರಟೆ ಹೊಡೆಯಲು ಮಾತ್ರ ಆಗುತ್ತಿರಲಿಲ್ಲ.

ಎರಡು ಮನೆ ಆಚೆ ಬೀದರಿನ ವಿಶಾಲಮ್ಮ ಇದ್ದಳು. ಆಸ್ಪತ್ರೆಯಲ್ಲಿ ಆಯಾ ಆಗಿ ನಿವೃತ್ತಳಾದವಳು, ಹುಟ್ಟಿನಿಂದ ಕ್ರೈಸ್ತಳು. ಪ್ರತಿ ಭಾನುವಾರ ಸಂಜೆ ಊರಿನ ಕ್ಯಾಂಪ್ ಬಡಾವಣೆಯ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ ಕನ್ನಡ ಆರಾಧನೆ ನಡೆಯುತ್ತಿತ್ತು. ಕಣ್ಣಿನ ಆಪರೇಷನ್ ಆದ ಮೇಲೆ ವಿಶಾಲಮ್ಮ ಒಬ್ಬಳೇ ಬಸ್ಸು ಹತ್ತಲು ಹೆದರಿ ಸಾಬವ್ವನನ್ನು ಕರೆದಳು.

“ಒಂದ್ ತಾಸು ಕೂತು ಬರೂಣು ಬಾ. ನಿನ್ನ ದೇವ್ರಿಗಿ ಏನೂ ಸಿಟ್ಟು ಬರಲ್ಲ.”

ಸಾಬವ್ವ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ಪಾಸ್ಟರ್ ದೇವಾನಂದ ಎದ್ದು, “ನಳದಾಗ ನೀರು ಬಂದಿಲ್ಲ, ಇವತ್ತ ಚಾ ಸ್ವಲ್ಪ ತಡಾ ಆಗ್ತದ. ಯಾರೂ ಹಂಗೇ ಹೋಗಬ್ಯಾಡ್ರಿ,” ಎಂದ. ತನ್ನೂರ ಕಟ್ಟೆಯ ಮೇಲೆ ಕೂತವರು ಆಡಿದ ಹಾಗೆ ಕೇಳಿಸಿತು. ಸಾಬವ್ವನಿಗೆ ಅಳು ಬಂತು. ತಮ್ಮ ಸ್ವಾಮಿ ದೇವರು ಈಕೆಯ ಮನಸ್ಸು ಮುಟ್ಟಿದನೆಂದು ಪಕ್ಕದ ಹೆಂಗಸರು ಬೆನ್ನು ಸವರಿದರು.

ಹೀಗೆ ನಾಲ್ಕು ವರ್ಷ. ಓದಲು ಬಾರದಿದ್ದರೂ ಕೇಳಿ ಕೇಳಿ ಹಾಡುಗಳೆಲ್ಲ ಬಾಯಿಗೆ ಬಂದವು. ಕಟ್ಟಡದ ಮೂರನೇ ಮಹಡಿಯಿಂದ ಕೂಗಿ ಪಳಗಿದ ಗಂಟಲು. ಆಕೆ ಹಾಡು ಎತ್ತಿದರೆ ಉಳಿದ ನಲವತ್ತು ಜನ ಹಿಂದೆ ಬರುತ್ತಿದ್ದರು. ಆದರೆ ಮನೆಯಲ್ಲಿ ಎಲ್ಲಮ್ಮನ ಪಟದ ಮುಂದೆ ಕೈಮುಗಿದಾಗ ಆಗುವ ಭಯಭಕ್ತಿ ಅಲ್ಲಿ ಒಮ್ಮೆಯೂ ಆಗಲಿಲ್ಲ.

ಹೋದ ವರ್ಷ ಆ ಕನ್ನಡ ಸಭೆಯ ವಾರ್ಷಿಕೋತ್ಸವ. ಒಬ್ಬೊಬ್ಬರೇ ಎದ್ದು, ಸ್ವಾಮಿ ತಮ್ಮ ಬಾಳಿನಲ್ಲಿ ಮಾಡಿದ ಉಪಕಾರ ನೆನೆದು ಸಾಕ್ಷಿ ಹೇಳುತ್ತಿದ್ದರು. ವಿಶಾಲಮ್ಮ ಸಾಬವ್ವನ ಪಕ್ಕೆ ತಿವಿದಳು.

“ಸಾಬಕ್ಕ, ನೀವೂ ಹೇಳ್ರಿ,” ಎಂದ ಪಾಸ್ಟರ್.

ಎದ್ದಳು. ಎರಡು ಒಳ್ಳೆಯ ಮಾತು ಹೇಳಿ ಕೂರಬಹುದಿತ್ತು. ಎಲ್ಲರೂ ಅಷ್ಟು ಪ್ರೀತಿಯಿಂದ ನೋಡುತ್ತಿದ್ದರೆಂದೇ ಸುಳ್ಳು ಬಾಯಿಗೆ ಬರಲಿಲ್ಲ.

“ನಿಮ್ಮ ಸ್ವಾಮಿ ನನಗ ಗೊತ್ತಿಲ್ರಿ. ಕೆಟ್ಟಾವ ಅಲ್ಲ ಅಂತ ಅನಸ್ತದ. ಖರೇ ಹೇಳಬೇಕಂದ್ರ, ನಾ ನಮ್ಮ ಮಾತು ಕೇಳ್ಲಿಕ್ಕ ಬರ್ತೀನಿ. ತಪ್ಪಾಗಿದ್ರ ಮಾಫ್ ಮಾಡ್ರಿ.”

ಪಾಸ್ಟರ್ ಗಂಟಲು ಸರಿಮಾಡಿಕೊಂಡು ಮುಂದಿನವರನ್ನು ಕರೆದ. ವಾಪಸು ಬರುವಾಗ ವಿಶಾಲಮ್ಮ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಮನೆ ಮುಟ್ಟಿದ ಮೇಲೆ, “ನಾಕ್ ವರ್ಷ ನನ್ನ ಬಾಜೂಕ ಕೂತು ಸುಳ್ಳೇ ಹಾಡ್ದಿ ಏನು?” ಎಂದಷ್ಟೇ ಕೇಳಿ ಬಾಗಿಲು ಹಾಕಿಕೊಂಡಳು.

ಮೂರು ಭಾನುವಾರ ಸಾಬವ್ವ ಹೋಗಲಿಲ್ಲ. ಜಗಳ ಆಯಿತೇ ಎಂದು ಸಾಯಲಿ ಕೇಳಿದರೆ ಕಾಲುನೋವು ಎಂದಳು. ಸಂಜೆಯಾದರೆ ಬಾಗಿಲಲ್ಲಿ ಕೂತು, ಎರಡು ಮನೆ ಆಚೆ ನೋಡುವಳು.

ನಾಲ್ಕನೇ ಭಾನುವಾರ ವಿಶಾಲಮ್ಮನೇ ಚೀಲ ಹಿಡಿದು ಬಂದು ನಿಂತಳು.

“ಏಳು, ಬಸ್ಸಿನ ಹೊತ್ತಾತು.”

“ನಾ ಹ್ಯಾಂಗ ಬರ್ಲಿ ವಿಶಾಲಕ್ಕ? ನನಗ ನಂಬಿಗಿ ಇಲ್ಲಲ್ಲ.”

“ಹೋದ ವಾರ ನಿನ್ನ ಬದ್ಲಿ ನಮ್ಮ ಸಭಾದ ಅವ್ವಣ್ಣ ಹಾಡು ಎತ್ತಿದ. ಅರ್ಧಕ್ಕೇ ಎಲ್ಲಾರೂ ದಾರಿ ತಪ್ಪಿದ್ವಿ. ಪಾಸ್ಟರ್ ಕೇಳಿದ್ರು, ಸಾಬಕ್ಕ ಎಲ್ಲಿ ಅಂತ.” ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಹೇಳಿದಳು, “ಬಸ್ಸಿನಾಗ ಒಬ್ಬಾಕಿನೇ ಹೋಗಿ ಹೋಗಿ ನನಗೂ ಬ್ಯಾಸರಾತು.”

ಸಾಬವ್ವ ಸೀರೆ ಬದಲಿಸಿ ಹೊರಟಳು. ಸಭೆಯಲ್ಲಿ ಒಂದಿಬ್ಬರು ಮುಖ ತಿರುಗಿಸಿದರು. ಹಾಡು ಶುರುವಾದ ಮೇಲೆ ಅವರೂ ದನಿಗೂಡಿಸಿದರು. ಪಾಸ್ಟರ್ ಮತ್ತೆಂದೂ ಸಾಕ್ಷಿ ಕೇಳಲಿಲ್ಲ.

ವಿಶಾಲಮ್ಮ ಮಾತ್ರ ಆಸೆ ಬಿಟ್ಟಿಲ್ಲ. “ದಿನಾ ನಿನ್ನ ಹೆಸರು ತಗೊಂಡು ಪ್ರಾರ್ಥನಾ ಮಾಡ್ತೀನಿ, ತಿಳಕೋ,” ಎನ್ನುತ್ತಾಳೆ.

“ಮಾಡವಾ, ಬ್ಯಾಡ ಅಂದವರ್ಯಾರು?” ಎನ್ನುತ್ತಾಳೆ ಸಾಬವ್ವ.

ಈಗ ಪ್ರಾರ್ಥನೆಯ ಹೊತ್ತಿಗೆ ಸಾಬವ್ವ ಅಳುವ ಕೂಸುಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗುತ್ತಾಳೆ, ತಾಯಂದಿರು ನೆಮ್ಮದಿಯಾಗಿ ಕಣ್ಣು ಮುಚ್ಚಲಿ ಎಂದು. ಒಳಗಿನಿಂದ ಆಮೆನ್ ಕೇಳುವವರೆಗೂ ಆ ಕೂಸುಗಳಿಗೆ ಕಾಗೆ, ಗುಬ್ಬಿ ತೋರಿಸುತ್ತ ತನ್ನೂರ ಮಾತಿನಲ್ಲಿ ಏನೇನೋ ಹೇಳುತ್ತಿರುತ್ತಾಳೆ.