ತಮ್ಮ ಬೀಡಿ ಬಿಟ್ಟ ಮಂಗಳವಾರ

ನನ್ನ ತಮ್ಮನ ಎಡಗಾಲಿನ ಹೆಬ್ಬೆರಳು ಕಪ್ಪಾಗತೊಡಗಿದ್ದು ಮುಂಗಾರಿ ಬಿತ್ತನೆ ಮುಗಿದ ಮೇಲೆ. ಎಡವಿದ ಗಾಯ ಎಂದುಕೊಂಡಿದ್ದ. ಗಾಯ ಮಾಯಲಿಲ್ಲ. ಹೊಲದ ಬದುವಿನ ತನಕ ನಡೆದರೆ ಮೀನಖಂಡ ಹಿಡಿದುಕೊಂಡು ಕೂತುಬಿಡುತ್ತಿದ್ದ. ನಾನೇ ಅವನನ್ನು ನಮ್ಮೂರು ದೊಡವಾಡದಿಂದ ಬಸ್ಸಿನಲ್ಲಿ ಧಾರವಾಡಕ್ಕೆ ಕರೆದೊಯ್ದೆ. ಡಾಕ್ಟರರು ಪರೀಕ್ಷೆ ಮಾಡಿ ನೇರವಾಗಿ ಹೇಳಿದರು. ಬೀಡಿಯಿಂದ ಕಾಲಿನ ರಕ್ತನಾಳಗಳು ಕಟ್ಟಿಕೊಂಡಿವೆ. ಬೀಡಿ ನಿಲ್ಲದಿದ್ದರೆ ಯಾವ ಔಷಧಿಯೂ ನಡೆಯದು.

“ಮೊದಲ ಬೆರಳ ಹೋಗತೈತಿ, ಆಮ್ಯಾಲ ಪಾದ, ಆಮ್ಯಾಲ ಕಾಲ. ಬೀಡಿ ಇಟಗೋತೀರೋ, ಕಾಲ ಇಟಗೋತೀರೋ, ನೀವ ಹೇಳ್ರಿ.”

ತಿರುಗಿ ಬರುವಾಗ ಬಸ್ಸಿನಲ್ಲಿ ತಮ್ಮ ನನ್ನ ಕಡೆ ತಿರುಗಿದ. “ಅಣ್ಣಾ, ಎರಡೂ ಇಟಗೋಳಾಕ ಬರೂದಿಲ್ಲೇನು ಅಂತ ಕೇಳಬೇಕಾಗಿತ್ತ ನೋಡು,” ಎಂದ. ನಕ್ಕ.

ನಾನು ಬೈಲಹೊಂಗಲದಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಸೀಟಿ ಊದಿದರೆ ಮೈದಾನವೆಲ್ಲ ಸಾಲಾಗಿ ನಿಲ್ಲುವುದನ್ನು ನೋಡುತ್ತ ಬಂದ ನನಗೆ, ಇದೂ ಒಂದು ಶಿಸ್ತಿನ ಪ್ರಶ್ನೆ ಎನ್ನಿಸಿತು. ಅವನ ಮನೆಯ ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಚಹಾದ ನಂತರ ಒಂದು, ಊಟದ ನಂತರ ಒಂದು, ವಾರವಾರಕ್ಕೂ ಒಂದೊಂದು ಕಡಿಮೆ. ಆತ ಅದನ್ನು ತಪ್ಪದೆ ಪಾಲಿಸಿದ. ಆದರೆ ನಾನು ಹೋದಾಗಲೆಲ್ಲ ಗಡಿಯಾರವನ್ನೇ ನೋಡುತ್ತ ಕೂತಿರುತ್ತಿದ್ದ.

“ಮೊದಲ ಬೀಡಿ ಸೇದಿ ಮರತ ಬಿಡತಿದ್ನಿ. ಈಗ ಹಗಲೆಲ್ಲಾ ಅದರ ಹಾದಿ ಕಾಯೂದ ಒಂದ ಉದ್ಯೋಗ ಆಗೇತಿ,” ಎಂದ.

ಪಟ್ಟಿ ಹರಿದು ಹಾಕಿದೆ. ಒಮ್ಮೆಲೇ ಬಿಡುವುದೆಂದು ನಿರ್ಧರಿಸಿದೆವು. ಯಾವ ದಿನ? ಸೋಮವಾರವೇ, ಬಸವಣ್ಣನ ವಾರ, ಇನ್ನೊಂದು ವಿಚಾರವೇ ಬರಲಿಲ್ಲ. ತಪ್ಪಿದ್ದು ಅಲ್ಲಿಯೇ. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆಯಾದರೆ ಆಳಿಗೂ ರಜೆ. ಗಂಡಸರೆಲ್ಲ ಗುಡಿಯ ಕಟ್ಟೆಗೆ ಬಂದು ಕೂರುತ್ತಾರೆ, ಒಬ್ಬ ಬೀಡಿ ಕಟ್ಟು ಬಿಚ್ಚಿದರೆ ಎಲ್ಲರಿಗೂ ಹಂಚುತ್ತಾನೆ. ಒಲ್ಲೆ ಎಂದರೆ ನಿನ್ನ ಜೊತೆ ಕೂರಲು ಒಲ್ಲೆ ಎಂದ ಹಾಗೆ. ಸಂಜೆ ನಾನು ಹೋದಾಗ ತಮ್ಮನ ಮೈಯೆಲ್ಲ ಹೊಗೆಯ ನಾತ.

“ನಾ ಸೇದಿಲ್ಲಣ್ಣಾ, ಅವರು ಸೇದಿಸಿದ್ರು. ಬ್ಯಾಡಂದ್ರ ಸೊಕ್ಕಿನಾಂವ ಅಂತಾರ.”

ಒಳಗಿನಿಂದ ಅವನ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಿಗೆ ಬಂದಳು. “ಭಾವಾರ, ಇವರ ಪಾದ ಮಂಜಿನಂಗ ತಣ್ಣಗ ಅದಾವ್ರಿ. ದಿನಾ ಮುಟ್ಟಿ ನೋಡತೇನ್ರಿ ನಾ,” ಎಂದಷ್ಟೇ ಹೇಳಿ ಒಳಗೆ ಹೋದಳು. ತಮ್ಮ ತಲೆ ತಗ್ಗಿಸಿದ. “ನಾಳೆಯಿಂದ,” ಎಂದೆ ನಾನು.

“ನಾಳೆ ಮಂಗಳವಾರ್ರಿ, ಯಾರರ ಒಳ್ಳೇ ಕೆಲಸ ಶುರು ಮಾಡತಾರೇನ್ರಿ?” ಒಳಗಿನಿಂದಲೇ ಕೇಳಿದಳು.

“ಶುರು ಎಲ್ಲೈತಿ? ಇದು ಬಿಡೂದು,” ಎಂದ ತಮ್ಮ.

ಈ ಸಲ ಆಜ್ಞೆ ಮಾಡಲಿಲ್ಲ. ಅವನ ದಿನವನ್ನೇ ಅದಲುಬದಲು ಮಾಡಿದೆವು. ಬೆಳಗಿನ ಚಹಾಕ್ಕೆ ಬೀಡಿ ಗಂಟುಬಿದ್ದಿತ್ತು. ಅವನ ಹೆಂಡತಿ ಚಹಾ ತೆಗೆದು ಜೋಳದ ಅಂಬಲಿ ಕೊಟ್ಟಳು. ಹೊಗೆ ಹಿಡಿದ ಕಂಬಳಿ, ಅಂಗಿ ಎಲ್ಲ ಒಗೆದು ಒಣಹಾಕಿದಳು. ಕಿಸೆಯಿಂದ ಕಡ್ಡಿಪೆಟ್ಟಿಗೆ ಹೋಯಿತು. ಕೈಗೆ ಕೆಲಸ ಬೇಕಿತ್ತು, ಕಾಲಿಗೆ ಬೇಡವಿತ್ತು. ಅಟ್ಟದ ಮೇಲಿದ್ದ ಪುಂಡಿ ನಾರು ಇಳಿಸಿ ಹಗ್ಗ ಹೊಸೆಯಲು ಕೂತ. ಈಗ ಎಲ್ಲರೂ ಅಂಗಡಿಯ ನೈಲಾನ್ ಹಗ್ಗ ತರುತ್ತಾರೆ, ಯಾರಿಗೂ ಬೇಕಿಲ್ಲದ ಹಗ್ಗ ಅದು. ಆದರೆ ಎರಡೂ ಕೈ ಬೇಡುವ ಕೆಲಸ.

ಕಟ್ಟೆಯ ಪ್ರಶ್ನೆ ಉಳಿದಿತ್ತು. ಅದಕ್ಕೆ ಕಟ್ಟೆಯ ರೀತಿಯಲ್ಲೇ ಉತ್ತರ ಸಿಕ್ಕಿತು. ಕೊಟ್ಟದ್ದನ್ನು ಬೇಡವೆನ್ನಬಾರದಷ್ಟೇ? ಹಾಗಾದರೆ ಕೊಡುವವನು ತಾನೇ ಆಗಬೇಕು. ಮುಂದಿನ ಸೋಮವಾರ ಚೀಲದಲ್ಲಿ ಹುರಿದ ಬಡೇಸೋಪು, ಲವಂಗ, ಪುಟಾಣಿ ಕಡಲೆ ತುಂಬಿಸಿಕೊಂಡು ಹೋದ. ಬೇರೆಯವರು ಕಿಸೆಗೆ ಕೈ ಹಾಕುವ ಮೊದಲೇ ಎಲ್ಲರ ಅಂಗೈಗೆ ಹಾಕಿದ. ಬಾಯಿ ತುಂಬಿದವನಿಗೆ ಬೀಡಿ ಕೊಡುವುದು ಯಾರಿಗೂ ತೋಚಲಿಲ್ಲ. ಒಬ್ಬ ಹಳೆಯ ಗೆಳೆಯ ಮಾತ್ರ ಬಿಡಲಿಲ್ಲ. “ಏನೋ, ಬಾಣಂತಿಗತೆ ಬಡೇಸೋಪ ತಿನ್ನಾಕಹತ್ತೀಯಲ್ಲೋ?”

“ಹೌದಪಾ, ಕಾಲ ಹಡದೇನಿ. ಹುಷಾರಿಲೆ ಜ್ವಾಕಿ ಮಾಡಬೇಕಾಗೇತಿ,” ಎಂದ ತಮ್ಮ. ಕಟ್ಟೆ ನಕ್ಕಿತು. ಮುಂದೆ ಯಾರೂ ಒತ್ತಾಯ ಮಾಡಲಿಲ್ಲ.

ನಾನು ಮರೆಯಲಾರದ್ದು ಒಂದು ಮಧ್ಯಾಹ್ನ. ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದವನ ಕೈ ಒಮ್ಮೆಲೇ ನಿಂತಿತು. ಹಣೆಯ ಮೇಲೆ ಬೆವರು. ಬಲಗೈ ತಾನಾಗಿಯೇ ಕಿಸೆಯ ಕಡೆ ಹೊರಟಿತು. ಅಲ್ಲಿ ಏನೂ ಇರಲಿಲ್ಲ, ಆದರೂ ಹೊರಟಿತು. ಏನು ಮಾಡಲಿ ಎಂದು ನಾನು ಎದ್ದೆ. ಅವನು ತಲೆಯಾಡಿಸಿಯೇ ಬೇಡವೆಂದ. ನೀರಿನ ತಂಬಿಗೆ ಎತ್ತಿ ಗುಟುಕು ಗುಟುಕಾಗಿ ಕುಡಿದ. ಉಸಿರು ಎಳೆದ, ಬಿಟ್ಟ. ಮುಖ ಬಿಗಿಯಿತು, ಇನ್ನೂ ಬಿಗಿಯಿತು, ಆಮೇಲೆ ಬೀಸುಗಾಳಿ ನಿಂತ ಹಾಗೆ ಸಡಿಲಾಯಿತು.

“ಹ್ವಾತು,” ಎಂದ. “ಓಣ್ಯಾಗ ಹೋರಿ ಬಂದ್ರ ಗ್ವಾಡಿಗೆ ಬೆನ್ನ ಹಚ್ಚಿ ನಿಂದರತೇವಲ್ಲ, ಹಂಗಣ್ಣಾ. ಓಡಿದ್ರ ಹಾಯತೈತಿ. ನಿಂತ್ರ ತಾನ ಮುಂದ ಹೋಗತೈತಿ.”

ಎಷ್ಟೋ ಹುಡುಗರನ್ನು ಓಟದಲ್ಲಿ ಗೆಲ್ಲಿಸಿದ್ದೇನೆ. ಕೂತ ಜಾಗದಿಂದ ಅಲುಗದೆ ಒಬ್ಬ ಮನುಷ್ಯ ಅಷ್ಟು ದೊಡ್ಡದನ್ನು ಗೆಲ್ಲುವುದನ್ನು ನೋಡಿರಲಿಲ್ಲ. ಅವನು ಮತ್ತೆ ನಾರು ಹಿಡಿದ.

ಹೋರಿ ದಿನಕ್ಕೆ ಎಷ್ಟೋ ಸಲ ಬರುತ್ತಿತ್ತು, ಕ್ರಮೇಣ ಅಪರೂಪವಾಯಿತು. ಒಂದು ದಿನ ಪಡಸಾಲೆಯಿಂದಲೇ, “ಏ, ರೊಟ್ಟಿ ಹೊತ್ತಾಕಹತ್ತೇತಿ ನೋಡ,” ಎಂದು ಕೂಗಿದ. ಒಲೆಯ ಮುಂದೆ ಕೂತವಳಿಗೇ ಆ ವಾಸನೆ ಇನ್ನೂ ಹೊಡೆದಿರಲಿಲ್ಲ. ಇಷ್ಟು ವರ್ಷ ಅವನ ಮೂಗು ಎಲ್ಲಿಗೆ ಹೋಗಿತ್ತು? ಯಾರು ಕರೆದು ತಂದರು?

ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಗಾಯಕ್ಕೆ ಹೊಸ ಚರ್ಮ ಬಂತು. ಉಗುರು ಮಾತ್ರ ತಿರುಗಿ ಬರಲಿಲ್ಲ. ಮತ್ತೆ ಧಾರವಾಡಕ್ಕೆ ಕರೆದೊಯ್ದೆ. “ಕಾಲ ಉಳೀತು. ಮತ್ತ ಒಂದ ಬೀಡಿನೂ ಮುಟ್ಟಬ್ಯಾಡ್ರಿ,” ಎಂದರು ಡಾಕ್ಟರರು. ಊರಿಗೆ ಬಂದು ಕಟ್ಟೆಯ ಹತ್ತಿರ ಬಸ್ಸಿಳಿದು ಕೂತಾಗ, ನನಗೆ ತಡೆಯಲಾಗಲಿಲ್ಲ. ಬಗ್ಗಿ ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದೆ. ಅವನು ಬೆಂಕಿ ತಾಗಿದವನ ಹಾಗೆ ಹಿಂದೆಳೆದುಕೊಂಡ.

“ಅಣ್ಣಾ! ಹಿರ್ಯಾ ಆಗಿ ತಮ್ಮನ ಕಾಲ ಹಿಡೀತೀಯಲ್ಲ, ಮಂದಿ ನೋಡಾಕಹತ್ಯಾರ. ಪಾಪ ಹತ್ತತೈತಿ ನನಗ!”

“ಸುಮ್ಮ ಕುಂಡರು,” ಎಂದೆ. ಬಿಡಲಿಲ್ಲ. ಪಾದ ಬೆಚ್ಚಗಿತ್ತು. ಹಿಮ್ಮಡಿ ಬೆಚ್ಚಗಿತ್ತು, ಬೆರಳ ತುದಿಯ ತನಕವೂ ಬೆಚ್ಚಗಿತ್ತು.