ಮದುವೆ ನಿಲ್ಲಿಸಿದ ಜನ

ಧಾರಾವಾಹಿಯ ಮದುವೆಯೊಂದನ್ನು ನಿಲ್ಲಿಸಿದವಳು ನಾನು. ಹೇಳಿಕೊಳ್ಳಲು ನಾಚಿಕೆ, ಕಾರಣ ಹೇಳಲು ಇನ್ನೂ ನಾಚಿಕೆ. ವಿಧವೆ ನಾಯಕಿ ಮರುಮದುವೆಯಾದರೆ ಕಥೆ ಮುಗಿಯುತ್ತದೆ, ಆಮೇಲೆ ಸಂಜೆ ಏಳೂವರೆಗೆ ನಾನೇನು ಮಾಡಲಿ? ಇಷ್ಟೇ ನನ್ನ ಚಿಂತೆ.

ಪುಣೆಯ ನಮ್ಮ ಕನ್ನಡ ಹೆಂಗಸರದೊಂದು ವಾಟ್ಸಾಪ್ ಗುಂಪಿದೆ. ಹಗಲೆಲ್ಲ ಮರಾಠಿ ಮಾತಾಡಿ ದಣಿದ ನಾಲಿಗೆಗಳು ಅಲ್ಲಿ ಧಾರಾವಾಹಿಯ ಮೇಲೆ ಸೇಡು ತೀರಿಸಿಕೊಳ್ಳುತ್ತವೆ. "ಈ ಮದಿವಿ ಜನಕ್ಕ ಒಪ್ಪಿಗಿಲ್ಲ" ಎಂದು ಬರೆದೆ. ಗೆಳತಿಯರು ಅದನ್ನೇ ಚಾನೆಲ್ಲಿನ ಪುಟದಲ್ಲಿ ಅಂಟಿಸಿದರು, ಎಲ್ಲೆಲ್ಲಿಯವರೋ ದನಿಗೂಡಿಸಿದರು. ಕೆಲವೇ ದಿನಗಳಲ್ಲಿ ಮದುಮಗ ಮಂಟಪ ಬಿಟ್ಟು ದುಬೈಗೆ ಹಾರಿದ. ನಾನು ಶೇಂಗಾ ಹೋಳಿಗೆ ಮಾಡಿ ಹಂಚಿದೆ.

ಇದು ರಕ್ತದಲ್ಲೇ ಬಂದದ್ದಿರಬೇಕು. ದೊಡ್ಡಾಟದಲ್ಲಿ ನಮ್ಮಜ್ಜ ಮುಂದೆ ಕೂತು ಕೂಗಿದರೆ ಸತ್ತ ರಕ್ಕಸ ಎದ್ದು, ಇನ್ನೊಂದು ಪದ ಹಾಡಿ, ಮತ್ತೆ ಸಾಯುತ್ತಿದ್ದನಂತೆ. ಅದರಿಂದ ಯಾರ ಮನೆಯೂ ಕೆಡಲಿಲ್ಲ, ಬಿಡಿ.

ಕೆಳಮನೆಯ ಸುಮಾ ಮಾತ್ರ ಹೋಳಿಗೆ ಮುಟ್ಟಲಿಲ್ಲ. ಗಂಡ ತೀರಿದ ಮೇಲೂ ಅತ್ತೆಯ ಜೊತೆಗೇ ಇರುವ ಹುಡುಗಿ. ಹಿಂಜವಾಡಿಯ ಅವಳ ಆಫೀಸಿನವನೊಬ್ಬ ಮದುವೆಯಾಗೋಣವೆಂದು ಕೇಳಿದ್ದನಂತೆ.

"ಕಾಕೂ, ಅತ್ತಿಯವರನ್ನ ದಿನಾ ಬಾಜೂಕ ಕೂಡಿಸ್ಕೊಂಡು ಆ ಧಾರಾವಾಹಿ ತೋರಸ್ತಿದ್ದೆ. 'ಪಾಪ, ಆಕಿಗೂ ಒಂದು ಸಂಸಾರ ಆಗಲಿ' ಅಂತಿದ್ರು. ಆಕಿ ಮದಿವಿ ಆದ ಮರುದಿನಾ ನಂದು ಹೇಳೋಣಂತ ಮಾಡಿದ್ದೆ. ಈಗ, 'ಟೀವ್ಯಾಗಿಂದನ ಜನಾ ಒಪ್ಪಲಿಲ್ಲ, ಓಣ್ಯಾಗಿಂದು ಒಪ್ಪತಾರೇನು' ಅಂತಾರ."

ಧಾರಾವಾಹಿಯವರು ನಮ್ಮನ್ನು ನೋಡಿ ಕಥೆ ಕಟ್ಟುತ್ತಾರೆ. ನಾವು ಅವರ ಕಥೆ ನೋಡಿ ಸಂಸಾರ ಕಟ್ಟುತ್ತೇವೆ. ಮೊದಲು ಕೂಗಿದವರು ಯಾರೆಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಭೂಮಿ ಬಾಯ್ಬಿಡಬೇಕಿತ್ತು.

ಹೋಳಿಗೆಯ ತಟ್ಟೆ ಹಿಡಿದೇ ಒಳಗೆ ಹೋದೆ. ಅತ್ತೆ ಇಂದಿರಾಬಾಯಿ ಮೆಂತ್ಯ ಸೋಸುತ್ತಿದ್ದರು.

"ಬಾಯಾರ, ಆ ಜನಾ ಅಂದ್ರ ನಾನ ರೀ."

"ನೀನಾ? ಯಾಕ ಬ್ಯಾಡಂದಿ?"

ಕಾರಣ ಹೇಳಿದೆ. ಅವರ ಕೈಯ ಸೊಪ್ಪು ಕೈಯಲ್ಲೇ ಉಳಿಯಿತು.

"ಅಯ್ಯ ನಿನ್ನ! ಏಳೂವರಿಗೆ ಕೆಲಸಿಲ್ಲಂತ ಒಂದು ಹೆಣ್ಣಿನ ಮದಿವಿ ಮುರದ್ಯಾ? ಇಂಥಾ ಜನಕ್ಕ ನಾ ಅಂಜಿದ್ನಲ್ಲ!"

ಸೊಪ್ಪನ್ನು ಬದಿಗಿಟ್ಟರು. ಆಮೇಲೆ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡರು.

"ಸುಮಾ, ಆ ಹುಡುಗಗ ಐತವಾರ ಏಳೂವರಿಗೆ ಬರಲಿಕ್ಕ ಹೇಳು. ಈಕಿಗೂ ನೋಡಲಿಕ್ಕ ಏನರ ಬೇಕಲ್ಲ."

ನಾಚಿಕೆ ಇನ್ನೂ ಹೋಗಿರಲಿಲ್ಲ. ಆದರೂ ಭಾನುವಾರ ಏಳಕ್ಕೇ ಹೋಗಿ ಮುಂದೆ ಕೂತೆ, ಅಜ್ಜನ ಹಾಗೆ. ಕೂಗಲಿಲ್ಲ, ಅಷ್ಟೇ.