ಎಡಗಡೆ ಮುಂದಿನ ಟೈರು

ಲಾರಿ ಅಜ್ಜ ಟೈರು ಕೊಳ್ಳಲು ಬಂದನೆಂದರೆ ಅಂಗಡಿಯವನಿಗೆ ಆ ದಿನ ಬೇರೆ ವ್ಯಾಪಾರವಿಲ್ಲ. ರೇಟು ಕೇಳಿದ ಕೂಡಲೇ ಅಜ್ಜ ಎದೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿಯುತ್ತಾನೆ. "ನಿಮ್ಮಪ್ಪ ಇಲ್ಲಿ ಕೂತಿದ್ದಾಗ ಈ ದುಡ್ಡಿಗೆ ಲಾರಿನೇ ಬರ್ತಿತ್ತಲ್ಲೋ" ಎನ್ನುತ್ತಾನೆ. ಹೊಸ ರಬ್ಬರನ್ನು ಉಗುರಿನಿಂದ ಚುಚ್ಚಿ, ಮೂಸಿ, "ಆಗಿನ ಟೈರಿನ ಘಮನೇ ಬೇರೆ" ಎಂದು ಮುಖ ಸಿಂಡರಿಸುತ್ತಾನೆ. ಹಿಂದಿನ ಚಕ್ರಗಳಿಗೆ ಸವೆದ ಟೈರಿನ ಮೇಲೇ ಹೊಸ ರಬ್ಬರು ಹಾಕಿಸಿ ಕಾಲ ತಳ್ಳುತ್ತಾನೆ. ಬಿಚ್ಚುವ ಕೂಲಿ, ಕೂರಿಸುವ ಕೂಲಿ, ಎಲ್ಲಕ್ಕೂ ತಕರಾರು. "ಗಾಳಿಗೂ ಕಾಸಾ? ಅದೇನು ನಿಮ್ಮನೇಲಿ ಮಾಡಿದ್ದಾ?" ಆದರೆ ಡ್ರೈವರನ ಪಕ್ಕದ ಸೀಟಿನ ಕೆಳಗೆ ಬರುವ ಎಡಗಡೆ ಮುಂದಿನ ಟೈರಿನ ಸರದಿ ಬಂದಾಗ ಚೌಕಾಸಿ ನಿಂತುಹೋಗುತ್ತದೆ. ಇದ್ದುದರಲ್ಲೇ ದುಬಾರಿಯದನ್ನು ತೋರಿಸಿ, "ಇದನ್ನೇ ಹಾಕು. ಇದರ ಮೇಲೆ ನಮ್ಮನೆಯೋಳು ಕೂತ್ಕೊಳ್ಳೋದು" ಎನ್ನುತ್ತಾನೆ. ಮದುವೆಯ ಹೊಸತರಿಂದಲೂ ಆಕೆ ಅವನೊಡನೆ ಊರೂರು ತಿರುಗಿದವಳು. ಕಿಟಕಿಗೆ ಮೊಣಕೈ ಊರಿ ನಗುತ್ತಾ ಕೂರುತ್ತಿದ್ದುದನ್ನು ಅಂಗಡಿಯವನೂ ಚಿಕ್ಕಂದಿನಲ್ಲಿ ನೋಡಿದ್ದಾನೆ. ಆಕೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಅಂಗಡಿಯವನು ಆಳನ್ನು ಪಕ್ಕಕ್ಕೆ ಸರಿಸಿ, ಆ ಒಂದು ಚಕ್ರದ ನಟ್ಟುಗಳನ್ನು ತಾನೇ ಬಿಗಿ ಮಾಡುತ್ತಾನೆ. ಅದರ ಕೂಲಿಯನ್ನು ಅವನು ಕೇಳುವುದಿಲ್ಲ, ಅಜ್ಜನೂ ಆ ಮಾತೆತ್ತುವುದಿಲ್ಲ.